ಬಾರ್ಕೂರಿನಲ್ಲಿ ನೋಡೋದಕ್ಕೆ ಏನಿದೆ?

ಉಡುಪಿ ಟ್ರಿಪ್ ಅಂದ್ರೆ ಕೃಷ್ಣಮಠ, ಮಲ್ಪೆ ಬೀಚ್, ಮೀನೂಟ. ಸೋಮವಾರ ಬೆಳಗ್ಗೆ ಮತ್ತೆ ಲಾಗಿನ್. ಬ್ರಹ್ಮಾವರದ ಹತ್ತಿರ ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ ಹೋದ್ರೆ ಹಳೇ ರಾಜಧಾನಿಯೊಂದಿದೆ ಅಂತ ನಾನು ಹೇಳಿದಾಗೆಲ್ಲ ಗೆಳೆಯರದ್ದು ಒಂದೇ ಪ್ರಶ್ನೆ: ಅಲ್ಲಿ ನೋಡೋದಕ್ಕೆ ಏನಿದೆ?

ಅರಮನೆಯಂತೂ ಇಲ್ಲ. ಸೀತಾನದಿ ಬದಿಯ ಬಾರ್ಕೂರು ಈಗ ಗದ್ದೆ, ತೆಂಗಿನ ತೋಟಗಳ ಹಳ್ಳಿ. ಆಳುಪರು ಇಲ್ಲಿಂದ ಆಳಿದ್ದರು. ವಿಜಯನಗರದ ಕಾಲದಲ್ಲಿ ಈ ಕರಾವಳಿ ಮಂಗಳೂರು ರಾಜ್ಯ, ಬಾರಕೂರು ರಾಜ್ಯ ಅಂತ ಎರಡು ಭಾಗವಾಗಿತ್ತು. ಆ ದೊಡ್ಡಸ್ತಿಕೆ ಈಗ ಕೇರಿಗಳ ಹೆಸರಲ್ಲಿದೆ: ಕೋಟೆಕೇರಿ, ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ. ದಿನಕ್ಕೊಂದರಂತೆ 365 ದೇವಸ್ಥಾನ ಇದ್ದವಂತೆ. ಎಣಿಸೋಕೆ ಹೋಗ್ಬೇಡಿ ಮಾರಾಯ್ರೆ, ಕೇಳಿ ಖುಷಿಪಡಿ.

ಕತ್ತಲೆ ಬಸದಿಗೆ ಮಾತ್ರ ತಪ್ಪದೆ ಹೋಗಿ. ನಮ್ಮ ಹಂಚಿನ ಮನೆಗಳ ಮಾಡು ಇಳಿದಿರುತ್ತಲ್ಲ, ಹಾಗೇ ಇಳಿಜಾರಾದ ಕಲ್ಲಿನ ಮಾಡು. ಒಳಗೆ ಮೂರ್ತಿ ಇಲ್ಲ. ಹೆಸರಿಗೆ ತಕ್ಕ ಕತ್ತಲೆ, ಹೊರಗೆ ಸುಡು ಬಿಸಿಲಿದ್ದರೂ ತಂಪು. ಫೋಟೋ ಚೆನ್ನಾಗಿ ಬರಲ್ಲ, ಕೂತ್ಕೊಂಡ್ರೆ ಏಳೋ ಮನಸ್ಸಾಗಲ್ಲ.

ಆದರೆ ನನ್ನನ್ನು ಬಾರ್ಕೂರಿಗೆ ಎಳೆಯೋದು ಕಲ್ಲಲ್ಲ, ಭೂತಾಳ ಪಾಂಡ್ಯನ ಕಥೆ. ಅರಸನ ಹಡಗು ನೀರಿಗಿಳಿಯಬೇಕಾದರೆ ಮಗನನ್ನು ಬಲಿ ಕೊಡು ಅಂತ ಕುಂಡೋದರ ಭೂತ ಕೇಳಿತಂತೆ. ಹೆಂಡತಿ ಮಕ್ಕಳನ್ನು ಕೊಡಲ್ಲ ಅಂದಳು. ತಂಗಿ ತನ್ನ ಮಗನನ್ನೇ ಕರ್ಕೊಂಡು ಬಂದಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು, ರಾಜ್ಯ ಅಳಿಯನ ಪಾಲಾಯ್ತು. ಅಳಿಯಸಂತಾನ ಶುರುವಾಗಿದ್ದು ಹೀಗೆ ಅಂತಾರೆ. ಇದನ್ನ ಇತಿಹಾಸ ಅಂತ ನಾನೂ ಹೇಳಲ್ಲ. ಮಕ್ಕಳನ್ನು ಕೊಡಲ್ಲ ಅಂದ ತಾಯಿಯದ್ದು ಏನು ತಪ್ಪು ಅನ್ನೋ ಜಗಳವೂ ನನಗೆ ಈ ಕಥೆಯ ಜೊತೆ ಇದ್ದೇ ಇದೆ.

ಕಥೆ ಏನೇ ಇರಲಿ, ಪದ್ಧತಿ ನಿಜ. ತುಳುನಾಡಿನ ಎಷ್ಟೋ ಸಮುದಾಯಗಳಲ್ಲಿ ಕುಟುಂಬ ನಡೆದದ್ದು ತಾಯಿಯ ಕಡೆಯಿಂದ. ಮಗಳು ಮದುವೆಯಾದರೂ ತವರಿಗೆ ಹೊರಗಿನವಳಾಗಲಿಲ್ಲ. ಅವಳ ಮಕ್ಕಳೂ ಆ ಮನೆಯವರೇ. ಹಾಗಂತ ಅದು ಹೆಣ್ಣಿನ ರಾಜ್ಯ ಅಂದ್ಕೋಬೇಡಿ, ಯಜಮಾನಿಕೆ ಹೆಚ್ಚಾಗಿ ಮಾವನ ಕೈಯಲ್ಲೇ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲು ಕೇಳುವ ದಾರಿ ತೆರೆಯಿತು. ಕೂಡುಕುಟುಂಬಗಳು ಒಡೆದವು, ಆಸ್ತಿ ಹಂಚಿಹೋಯಿತು. ಬಳಿ ಮಾತ್ರ ಇವತ್ತಿಗೂ ತಾಯಿಯದ್ದೇ.

ಕೊಂಕಣ ರೈಲ್ವೆಯ ಬಾರ್ಕೂರು ಸ್ಟೇಷನ್ ಇದೆ, ಉಡುಪಿಯಿಂದ ರಸ್ತೆಯಲ್ಲಾದರೆ ಸುಮಾರು 16 ಕಿ.ಮೀ. ಸಂಜೆ ಕೋಟೆಕೇರಿಯ ಪಂಚಲಿಂಗೇಶ್ವರ ದೇವಸ್ಥಾನದ ಕಡೆ ನಡೀರಿ. ಕಟ್ಟೆ ಮೇಲೆ ಕೂತ ಹಿರಿಯರು ಮಾತಿಗೆಳೆದು, ನಿಮ್ಮ ಕಂಪನಿ, ಸಂಬಳ ಎಲ್ಲ ವಿಚಾರಿಸಿದ ಮೇಲೆ ಕೇಳಬಹುದು: "ನಿಮ್ದು ಯಾವ ಬಳಿ?" ಗೊತ್ತಿಲ್ಲದಿದ್ರೆ ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿ.