ಹಂಸಗಳ ಊಟದ ಲೆಕ್ಕ

ತಿರುಗಾಟವೆಂದೊಡನೆ ನಮ್ಮ ಪಟ್ಟಣಿಗರ ಮನಸ್ಸು ಉದಕಮಂಡಲಕ್ಕೋ ಕೊಡೈಕೆನಾಲಿಗೋ ಹಾರುತ್ತದೆ. ಬೆಟ್ಟವಿರಬೇಕು, ಮಂಜಿರಬೇಕು, ಇಳಿದುಕೊಳ್ಳಲು ಒಳ್ಳೆಯ ಹೊಟೇಲಿರಬೇಕು. ಹೀಗಿರುವಾಗ ನಾನೂ ನನ್ನ ಮಿತ್ರರೊಬ್ಬರೂ ಶಿರಹಟ್ಟಿಗೆ ಹೊರಟಿದ್ದೇವೆಂದು ಹೇಳಿದಾಗ ಮನೆಯಲ್ಲಿ ಕೇಳಿಬಂದ ಮೊದಲ ಪ್ರಶ್ನೆ, "ಅಲ್ಲಿ ಯಾರ ಲಗ್ನ?" ಎಂಬುದಾಗಿತ್ತು.

ಲಗ್ನವೇನೂ ಇರಲಿಲ್ಲ, ಆದರೆ ಬೀಗರು ಬಂದಿದ್ದರು. ಹಿಮಾಲಯದ ಆಚೆಯಿಂದ ಬಂದ ಬೀಗರು. ಅವರನ್ನು ಕಂಡು ಮಾತನಾಡಿಸಿ ಬರಲು ನಾವು ಎಳ್ಳಮಾವಾಸ್ಯೆಯ ಹಿಂದಿನ ದಿನ ಗದಗಿನಲ್ಲಿ ರೈಲಿಳಿದು, ಬಸ್ಸು ಹಿಡಿದು ಶಿರಹಟ್ಟಿಯನ್ನು ಸೇರಿದೆವು.

ಶಿರಹಟ್ಟಿಯೆಂದರೆ ಫಕೀರೇಶ್ವರನ ಊರು. ಹಿಂದೂಗಳೂ ಮುಸಲ್ಮಾನರೂ ಸಮಾನ ಭಕ್ತಿಯಿಂದ ನಡೆದುಕೊಳ್ಳುವ ಆ ಮಠದ ಕೀರ್ತಿ ನಾಡಿನಲ್ಲೆಲ್ಲ ಹಬ್ಬಿದೆ. ಮೂಡಲಿಗೆ 2019ರಲ್ಲಿ ವನ್ಯಜೀವಿಧಾಮವೆನಿಸಿದ ಕಪ್ಪತಗುಡ್ಡ. ತೆಂಕಲಿಗೆ ಹೊಳೆ ಇಟಗಿಯ ಬಳಿ ಹರಿಯುವ ತುಂಗಭದ್ರೆ. ಸಮೀಪದಲ್ಲಿಯೇ ಲಕ್ಷ್ಮೇಶ್ವರ, ಅಂದರೆ ಕವಿರಾಜಮಾರ್ಗಕಾರನು ತಿರುಳ್ಗನ್ನಡದ ನೆಲೆಗಳಲ್ಲೊಂದೆಂದು ಹೆಸರಿಸಿದ ಪುಲಿಗೆರೆ. ಇವುಗಳ ನಡುವೆ ಹರಡಿರುವುದೇ ಎರೆಭೂಮಿ. ಮಳೆ ಬಂದರೆ ಹೂತ ಕಾಲನ್ನು ಕೀಳಗೊಡದು. ಬಾರದಿದ್ದರೆ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುವುದು. ಹೊಳೆ ದೂರವಾದುದರಿಂದ ಇಲ್ಲಿಯ ಹಿರಿಯರು ಮಳೆಯ ನೀರನ್ನೇ ಹಿಡಿದಿಡಲು ಕೆರೆಗಳನ್ನು ಕಟ್ಟಿದರು. ಪುಲಿಗೆರೆಯ ಹೆಸರಿನಲ್ಲಿಯೇ ಕೆರೆಯಿರುವುದನ್ನು ವಾಚಕರು ಗಮನಿಸಬಹುದು. ನಾವು ಸುತ್ತಬೇಕೆಂದು ಬಂದುದು ಅಂಥದೇ ಒಂದು ಕೆರೆಯನ್ನು. ಶಿರಹಟ್ಟಿಯಿಂದ 8 ಕಿಲೋಮೀಟರು, ಗದಗಿನಿಂದ 26 ಕಿಲೋಮೀಟರು ದೂರದಲ್ಲಿರುವ ಮಾಗಡಿಯ ಕೆರೆ.

ಬೆಳಕು ಹರಿಯುವ ಮುನ್ನವೇ ನಾವು ಏರಿಯ ಮೇಲಿದ್ದೆವು. ಚಳಿಗೆ ಮಿತ್ರರು ತಲೆಗೆ ಸುತ್ತಿಕೊಂಡ ಮಫ್ಲರಿನಿಂದ ಮೂಗು ಮಾತ್ರ ಹೊರಗಿತ್ತು. ನೀರಿನ ಮೇಲೆ ಹೊಗೆಯಂತೆ ಮಂಜು ತೇಲುತ್ತಿತ್ತು. ಬಣ್ಣದ ಕೊಕ್ಕರೆಗಳು ಒಂಟಿಗಾಲಿನ ತಪಸ್ಸಿಗೆ ನಿಂತಿದ್ದುವು. ಹೊನ್ನಿನ ಬಣ್ಣದ ಜೋಡಿಯೊಂದು ದಂಡೆಯಲ್ಲಿ ನಡೆದಾಡುತ್ತಿತ್ತು. ಕಾವ್ಯಗಳಲ್ಲಿ ಇರುಳೆಲ್ಲ ಅಗಲಿ ಗೋಳಿಡುವ ಚಕ್ರವಾಕ ದಂಪತಿಗಳೇ ಇವು. ಈ ಬೆಳಗಿನಲ್ಲಂತೂ ಅವುಗಳ ಸಂಸಾರ ಸುಖವಾಗಿರುವಂತೆಯೇ ಕಂಡಿತು. ಆದರೆ ನಾವು ನೋಡಬಂದ ಬೀಗರು ಮಾತ್ರ ಒಬ್ಬರೂ ಕಾಣಲಿಲ್ಲ. ಇಷ್ಟು ದೂರ ಬಂದುದು ವ್ಯರ್ಥವಾಯಿತೇ ಎಂದು ನಾವು ಮುಖ ಮುಖ ನೋಡಿಕೊಳ್ಳುತ್ತಿರುವಾಗ, ಆಡುಗಳನ್ನು ಅಟ್ಟಿಕೊಂಡು ಬಂದ ಹುಡುಗನೊಬ್ಬ ನಮ್ಮ ಚಿಂತೆಯನ್ನು ತಿಳಿದು ನಕ್ಕು ಹೇಳಿದ: "ಊಟಕ್ಕ ಹೋಗ್ಯಾವ್ರಿ. ಈಗ ಬರ್ತಾವ."

ಹುಡುಗ ಹೇಳಿದುದು ದಿಟ. ಪಟ್ಟೆತಲೆಯ ಹೆಬ್ಬಾತುಗಳು ಹಗಲೆಲ್ಲ ಕೆರೆಯಲ್ಲಿ ವಿಶ್ರಮಿಸಿ, ಸಂಜೆಯಾದೊಡನೆ ಸುತ್ತಲಿನ ಹೊಲಗಳಿಗೆ ಹಾರಿಹೋಗಿ ಮೇಯುತ್ತವೆ. ಬಿಸಿಲೇರುವ ಹೊತ್ತಿಗೆ ನೀರಿಗೆ ಮರಳುತ್ತವೆ. ನಾವು ಏರಿಯನ್ನು ಮುಗಿಸಿ ಹೊಲದ ಬದುವಿಗೆ ಇಳಿದಿದ್ದೆವಷ್ಟೆ. ಮುಗಿಲಿನಲ್ಲಿ ದೂರದಿಂದ ಗದ್ದಲವೊಂದು ಕೇಳಿಸಿತು. ಜಾತ್ರೆಯಿಂದ ಮರಳುವ ಬಂಡಿಗಳ ಜನರೆಲ್ಲ ಒಮ್ಮೆಗೇ ಮಾತನಾಡುತ್ತ ಬಂದಂತೆ. ಸಾಲಿನ ಹಿಂದೆ ಸಾಲು, ಸಾಲಿನ ಹಿಂದೆ ಸಾಲು! ಬೂದುಬಣ್ಣದ ಮೈ, ಬಿಳಿಯ ತಲೆ, ತಲೆಯ ಹಿಂದೆ ಕಾಡಿಗೆಯಿಂದ ಎಳೆದಂತೆ ಎರಡು ಕರಿಯ ಗೀರುಗಳು, ಅರಿಸಿನ ಬಣ್ಣದ ಕೊಕ್ಕು. ನಮ್ಮ ತಲೆಯ ಮೇಲೆಯೇ ಹಾದು, ರೆಕ್ಕೆ ಮುದುರಿ ಒಂದೊಂದಾಗಿ ನೀರಿಗಿಳಿದುವು. ಸ್ವಲ್ಪ ಹೊತ್ತಿನಲ್ಲಿ ಕೆರೆಯ ನಡುಭಾಗವೆಲ್ಲ ಬೂದುಬಣ್ಣವಾಯಿತು.

ನಮ್ಮ ಪೂರ್ವಕವಿಗಳು ಹಂಸವೆಂದು ಕರೆದುದು ಇದೇ ಹಕ್ಕಿಯನ್ನಿರಬೇಕೆಂದು ಅನೇಕ ವಿದ್ವಾಂಸರ ಮತ. ಕಾಳಿದಾಸನ ಮೇಘದೂತದಲ್ಲಿ ರಾಜಹಂಸಗಳು ತಾವರೆಯ ಎಳೆದಂಟುಗಳ ಬುತ್ತಿ ಕಟ್ಟಿಕೊಂಡು ಮೇಘನ ಜೊತೆಯಲ್ಲಿ ಮಾನಸಸರೋವರಕ್ಕೆ ಹೊರಡುತ್ತವೆ. ಮಾಗಡಿಯ ಹಂಸಗಳು ಮಳೆಗಾಲದವರೆಗೆ ಕಾಯುವುದಿಲ್ಲ. ಬೇಸಗೆ ಬಲಿಯುವ ಮೊದಲೇ ಹೊರಟುಬಿಡುತ್ತವೆ. ಉಳಿದಂತೆ ಕವಿಯ ಮಾತಿಗೆ ಭಂಗವಿಲ್ಲ. ಇವುಗಳ ತವರು ಲಡಾಖು, ಟಿಬೆಟ್ಟು, ಮಂಗೋಲಿಯಗಳ ಎತ್ತರದ ಸರೋವರಗಳು. ಮಂಗೋಲಿಯದಲ್ಲಿ ಕೊರಳಿಗೆ ಪಟ್ಟಿ ತೊಡಿಸಿ ಬಿಟ್ಟ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಇವು ಎವರೆಸ್ಟ್ ಶಿಖರದ ಮೇಲೆಯೇ ಹಾರುತ್ತವೆಂದು ಹಿಂದೆ ಹೇಳುತ್ತಿದ್ದರು. ಹಕ್ಕಿಯ ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ, ಉಪಗ್ರಹದ ನೆರವಿನಿಂದ ಅದರ ಜಾಡು ಹಿಡಿದ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅವು ಏರಿದ ಪರಮಾವಧಿ ಎತ್ತರ 7,290 ಮೀಟರು. ಬಹುಪಾಲು ಹೊತ್ತು ಅವು ಕಣಿವೆಗಳ ಮೈಗೆ ಅಂಟಿಕೊಂಡಂತೆ, ಇದಕ್ಕಿಂತ ಬಹಳ ತಗ್ಗಿನಲ್ಲಿಯೇ ಹಾರುತ್ತವೆ. ಶಿಖರ ಹತ್ತಿ ಹೆಸರು ಗಳಿಸುವ ಹಂಬಲ ಹಕ್ಕಿಗೆ ಇದ್ದಂತಿಲ್ಲ. ಆದರೂ ಅರೆವಾಸಿ ಪ್ರಾಣವಾಯುವೂ ದೊರೆಯದ ಆ ಎತ್ತರದಲ್ಲಿ, ಎರಡು ಮೂರು ಕಿಲೋ ತೂಕದ ಮೈಯನ್ನು ರೆಕ್ಕೆ ಬಡಿದೇ ಸಾಗಿಸುವುದು ಸಾಮಾನ್ಯವೇ? ಇರುವ ಅಲ್ಪಸ್ವಲ್ಪ ಪ್ರಾಣವಾಯುವನ್ನೂ ಬಿಗಿಯಾಗಿ ಹಿಡಿದುಕೊಳ್ಳುವ ಗುಣ ಅವುಗಳ ರಕ್ತಕ್ಕಿದೆ.

ಈ ಬೀಗರಿಂದಾಗಿಯೇ ಮಾಗಡಿಗೆ ಜಗತ್ತಿನ ಭೂಪಟದಲ್ಲಿ ಸ್ಥಾನ ದೊರೆತಿದೆ. 1971ರಲ್ಲಿ ಇರಾನಿನ ರಾಮ್ಸಾರ್ ಎಂಬ ಊರಿನಲ್ಲಿ ಜೌಗುನೆಲಗಳ ರಕ್ಷಣೆಗಾಗಿ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಕರ್ನಾಟಕದಿಂದ ಆ ಪಟ್ಟಿಗೆ 2022ರಲ್ಲಿ ರಂಗನತಿಟ್ಟು ಸೇರಿತು. 2024ರ ಜನವರಿಯಲ್ಲಿ ಅಂಕಸಮುದ್ರ, ಅಘನಾಶಿನಿಗಳೊಡನೆ ಮಾಗಡಿಯೂ ಸೇರಿತು. ಇಲ್ಲಿ 166 ಬಗೆಯ ಹಕ್ಕಿಗಳನ್ನು ಗುರುತಿಸಿದ್ದಾರೆ. ಚಳಿಗಾಲದಲ್ಲಿ ಸುಮಾರು 8,000 ಹಕ್ಕಿಗಳು ಬರುವುವೆಂದು ಸರ್ಕಾರದ ಅಂದಾಜು. ಪಟ್ಟೆತಲೆಯ ಹೆಬ್ಬಾತು ಚಳಿಗಾಲ ಕಳೆಯುವ ದಕ್ಷಿಣ ಭಾರತದ ದೊಡ್ಡ ನೆಲೆಗಳಲ್ಲಿ ಇದೂ ಒಂದು. ಇಷ್ಟೊಂದು ಮಾನ ಪಡೆದ ಜಾಗದ ವಿಸ್ತೀರ್ಣ ಐವತ್ತು ಹೆಕ್ಟೇರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಇದನ್ನೆಲ್ಲ ಮಿತ್ರರಿಗೆ ವಿವರಿಸುತ್ತ, ಕೆರೆಯನ್ನು ಬಲಕ್ಕಿಟ್ಟುಕೊಂಡು ಹೊಲಗಳ ಬದುವಿನ ಮೇಲೆ ನಾವು ಸುತ್ತು ಹೊಡೆಯುತ್ತಿದ್ದೆವು. ಜೋಳ ಆಳೆತ್ತರ ನಿಂತಿತ್ತು. ಕುಸುಬೆ ಮುಳ್ಳು ತೋರಿಸುತ್ತಿತ್ತು. ಶೇಂಗಾ ಕಿತ್ತ ಹೊಲಗಳು ಬೋಳಾಗಿದ್ದುವು. ಬೋಳು ಹೊಲದ ಮಣ್ಣಿನಲ್ಲಿ ಎಲ್ಲೆಲ್ಲೂ ಜಾಲಪಾದಗಳ ಗುರುತು, ಹಿಕ್ಕೆ, ಒಡೆದ ಶೇಂಗಾ ಸಿಪ್ಪೆ. ರಾತ್ರಿಯ ಔತಣ ಅಲ್ಲಿ ನಡೆದಿತ್ತು. ಮುಂದಿನ ಹೊಲದಲ್ಲಿ ಎಳೆಯ ಗೋದಿಯ ಪೈರು. ಅದರ ಒಂದು ಮಗ್ಗುಲು ಕ್ಷೌರಿಕನ ಕೈಗೆ ಸಿಕ್ಕಂತೆ ಮೋಟಾಗಿತ್ತು.

ಆ ಹೊಲದ ಬನ್ನಿಗಿಡದ ಕೆಳಗೆ ಒಂದು ಕುಟುಂಬ ಎಳ್ಳಮಾವಾಸ್ಯೆಯ ಪೂಜೆಗೆ ಬಂದಿತ್ತು. ಐದು ಕಲ್ಲುಗಳಿಗೆ ಸುಣ್ಣ ಬಳಿದು ಪಾಂಡವರನ್ನು ಕೂರಿಸಿದ್ದರು. ಮನೆಯ ಯಜಮಾನರು ಬುಟ್ಟಿಯಿಂದ ಚರಗವನ್ನು ಚೆಲ್ಲುತ್ತ ಮುಂದೆ, ಮಗ ತಂಬಿಗೆಯ ನೀರು ಚಿಮುಕಿಸುತ್ತ ಹಿಂದೆ; ಇಬ್ಬರೂ ಹೊಲದ ಸುತ್ತ ಪ್ರದಕ್ಷಿಣೆ ಬರುತ್ತಿದ್ದರು. ದಾರಿಯಲ್ಲಿ ಹೋಗುವವರನ್ನು ಆ ದಿನ ಉಣ್ಣದೆ ಹೋಗಗೊಡುವ ರೂಢಿ ಈ ನಾಡಿನಲ್ಲಿಲ್ಲ. ನಮ್ಮ ಸಂಕೋಚವನ್ನು ಯಾರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕೊನೆಗೆ ಮೊಸರಬುತ್ತಿ. ಇದನ್ನು ವರ್ಣಿಸಿ ವಾಚಕರ ಹಸಿವನ್ನು ಕೆರಳಿಸಲಾರೆ.

ಊಟದ ನಡುವೆ ನಾನು ಮೋಟಾದ ಗೋದಿಯನ್ನು ತೋರಿಸಿ ಕೇಳಿದೆನು: "ಯಜಮಾನರೇ, ಇದು ಹಕ್ಕಿಗಳ ಕೆಲಸವೇ?"

"ಹೌದ್ರಿ. ಮತ್ತ್ಯಾರದು?" ಎಂದರು ಅವರು. "ಬಿದ್ದ ಶೇಂಗಾ ಆರಿಸಿಕೊಂಡು ತಿಂದ್ರ ನಮಗೇನೂ ತ್ರಾಸಿಲ್ಲರಿ. ಹಿಕ್ಕಿ ಹಾಕ್ತಾವ, ಹೊಲಕ್ಕ ಗೊಬ್ಬರ ಆತು. ಎಳೀ ಗೋದಿ ಚಿವುಟಿದ್ರ ಮಾತ್ರ ಹೊಟ್ಟಿ ಉರೀತೈತಿ. ಆದ್ರ ಅಷ್ಟ ದೂರದಿಂದ ಬಂದಾವ. ಕಲ್ಲು ಒಗಿಯಾಕ ಕೈ ಏಳಂಗಿಲ್ಲ."

ಅವರ ಮನೆಯಾಕೆ ಹೋಳಿಗೆಯ ಮೇಲೆ ತುಪ್ಪ ಹಾಕುತ್ತ, "ಭೂಮಿತಾಯಿಗೆ ಚರಗ ಚೆಲ್ಲೋ ಮಂದಿ ನಾವು. ಹಕ್ಕಿಗೆ ಇಲ್ಲಾ ಅನ್ನಾಕ ಬರ್ತೈತೇನ್ರಿ ಅಣ್ಣಾರ?" ಎಂದರು.

ನಾನು ತಲೆದೂಗಿದೆನು. ಎಂಥ ಸಂಸ್ಕೃತಿ, ಎಂಥ ಔದಾರ್ಯ ಎಂದು ಈ ಅಂಕಣಕ್ಕೆ ವಾಕ್ಯಗಳನ್ನು ಮನಸ್ಸಿನಲ್ಲಿಯೇ ಜೋಡಿಸತೊಡಗಿದೆನು. ಅಷ್ಟರಲ್ಲಿ, ಅದುವರೆಗೂ ಮೌನವಾಗಿದ್ದ ಮಗ ಬಾಯಿ ತೆರೆದ.

"ಅಪ್ಪ, ಅವ್ವ ಹೇಳೂದು ಖರೇ ಐತ್ರಿ. ಆದ್ರ ಬೀಜ ಗೊಬ್ಬರದ ಸಾಲ ನನ್ನ ಹೆಸರಿನ್ಯಾಗ ಐತಿ. ನೋಡಾಕ ಬಂದವರೆಲ್ಲ ಹಕ್ಕಿ ಎಷ್ಟು ಬಂದಾವ ಅಂತ ಕೇಳ್ತಾರ, ಫೋಟೋ ತಕ್ಕೊಂಡು ಹೋಗ್ತಾರ. ಹಕ್ಕಿ ಎಷ್ಟು ತಿಂದ್ವು ಅಂತ ಒಬ್ಬರೂ ಕೇಳಿಲ್ಲ."

ಮಿತ್ರರು ಹೆಗಲಲ್ಲಿದ್ದ ಕ್ಯಾಮೆರಾವನ್ನು ಮೆಲ್ಲನೆ ಬೆನ್ನ ಹಿಂದೆ ಸರಿಸಿಕೊಂಡರು. ನಾನು ಜೋಡಿಸಿಟ್ಟಿದ್ದ ವಾಕ್ಯಗಳೆಲ್ಲ ಕುಸಿದುಬಿದ್ದುವು.

ಆ ತರುಣನ ಮಾತಿನಲ್ಲಿ ಸಿಟ್ಟಿರಲಿಲ್ಲ, ಲೆಕ್ಕವಿತ್ತು. ಹಿಂತಿರುಗುವ ದಾರಿಯಲ್ಲಿ ಅದನ್ನೇ ಯೋಚಿಸಿದೆನು. ನಾವು ರಕ್ಷಿಸಿರುವುದು ಹಕ್ಕಿಗಳು ಮಲಗುವ ಕೋಣೆಯನ್ನು. ಉಣ್ಣುವ ಪಡಸಾಲೆ ಬೇಲಿಯ ಹೊರಗೆ, ರೈತನ ಪಹಣಿಯಲ್ಲಿದೆ. ಕೆರೆಗೆ ಎಂಥ ಬಿರುದು ಬಂದರೂ ಅದು ನೀರಿನ ಅಂಚಿಗೆ ಮುಗಿಯುತ್ತದೆ. ನಾಳೆ ಈ ಮಗ ಶೇಂಗಾ, ಗೋದಿಗಳನ್ನು ಬಿಟ್ಟು ಹತ್ತಿಯನ್ನೇ ಬಿತ್ತಿದರೆ, ಇಲ್ಲವೆ ಪೈರು ಉಳಿಸಿಕೊಳ್ಳಲು ಪಟಾಕಿ ಹಾರಿಸಿದರೆ, ಅವನನ್ನು ತಪ್ಪಿತಸ್ಥನೆನ್ನಲು ನನಗೇನು ಅಧಿಕಾರ? ಅವನ ತಂದೆತಾಯಿಗಳ ಧರ್ಮಬುದ್ಧಿ ದೊಡ್ಡದು. ಆದರೆ ಲೋಕದ ಆಸ್ತಿಯೊಂದನ್ನು ಎರಡು ಮೂರು ಎಕರೆಯ ಧರ್ಮಬುದ್ಧಿಯ ಮೇಲೆ ಹೊರಿಸಿ, ನಾವು ಕೈಕಟ್ಟಿ ಕುಳಿತು ಹೊಗಳುವುದು ನ್ಯಾಯವಲ್ಲ.

ದಾರಿಯಿಲ್ಲವೆಂದಲ್ಲ. ಸ್ಕಾಟ್ಲೆಂಡಿನ ಐಲಾ ದ್ವೀಪಕ್ಕೂ ಚಳಿಗಾಲದಲ್ಲಿ ಉತ್ತರದಿಂದ ಸಾವಿರಾರು ಹೆಬ್ಬಾತುಗಳು ಬಂದು ರೈತರ ಹುಲ್ಲುಗಾವಲುಗಳನ್ನು ಮೇಯುತ್ತವೆ. ಅಲ್ಲಿ ಹಕ್ಕಿಗಳನ್ನು ಮೇಯಗೊಟ್ಟ ರೈತರಿಗೆ ಸರ್ಕಾರದ ಕಡೆಯಿಂದ ಹಣ ಸಲ್ಲುವ ಏರ್ಪಾಡು ಅನೇಕ ವರ್ಷಗಳಿಂದ ನಡೆದುಬಂದಿದೆ. ಅದರಲ್ಲಿಯೂ ಜಗಳಗಳುಂಟು, ಆದರೆ ಹಕ್ಕಿ ತಿಂದುದಕ್ಕೆ ಲೆಕ್ಕವುಂಟೆಂಬುದನ್ನು ಅವರು ಒಪ್ಪಿಕೊಂಡಿದ್ದಾರೆ. ಹೆಬ್ಬಾತುಗಳನ್ನು ಎಣಿಸುವಷ್ಟೇ ಶ್ರದ್ಧೆಯಿಂದ ಮೋಟಾದ ಗೋದಿಯ ಸಾಲುಗಳನ್ನೂ ಎಣಿಸಿದರೆ, ಮಾಗಡಿಯಲ್ಲಿಯೂ ಅದು ಆಗದ ಕೆಲಸವೇನಲ್ಲ.

ನವೆಂಬರಿನಿಂದ ಫೆಬ್ರವರಿಯವರೆಗೆ ಮಾಗಡಿಗೆ ಹೋಗಬಯಸುವ ವಾಚಕರಿಗೆ ಎರಡು ಮಾತು. ಮುಂಜಾನೆ ಅಥವಾ ಸಂಜೆ ಹೋಗಿ, ಮಕ್ಕಳನ್ನೂ ಕರೆದೊಯ್ಯಿರಿ, ಗದ್ದಲವಿಲ್ಲದೆ ಏರಿಯ ಮೇಲೆ ಕುಳಿತರೆ ಸಾಕು. ಹೊಲಕ್ಕಿಳಿಯುವ ಮುನ್ನ ಒಡೆಯರನ್ನು ಕೇಳಿರಿ. ಕೇಳಿದ ಮೇಲೆ ಹಕ್ಕಿಯ ವಿಷಯವನ್ನಷ್ಟೇ ಅಲ್ಲ, ಬೆಳೆಯ ವಿಷಯವನ್ನೂ ಕೇಳಿರಿ.

ಸುತ್ತು ಮುಗಿಸಿ ಏರಿಗೆ ಮರಳುವ ವೇಳೆಗೆ ಹೊತ್ತು ಇಳಿದಿತ್ತು. ನೀರಿನ ಮೇಲೆ ಮತ್ತೆ ಗದ್ದಲವೆದ್ದಿತು. ಮೊದಲ ಸಾಲು ಎದ್ದು ನಮ್ಮ ತಲೆಯ ಮೇಲೆ ಒಂದು ಸುತ್ತು ಹಾಕಿ ಹೊಲಗಳ ಕಡೆಗೆ ತಿರುಗಿತು. ಬೆಳಿಗ್ಗೆಯಾಗಿದ್ದರೆ ಆ ಅಂದವನ್ನಷ್ಟೇ ನೋಡುತ್ತಿದ್ದೆನು. ಈಗ ಅವು ಯಾವ ಹೊಲದ ಕಡೆಗೆ ಹೋಗುತ್ತಿವೆಯೆಂದು ಕಣ್ಣಿಗೆ ಮರೆಯಾಗುವವರೆಗೂ ನೋಡುತ್ತ ನಿಂತೆನು.