ಹೊಡೆದದ್ದು ಸೈತಾನನೋ, ಗಂಡನೋ?

ಕಳೆದ ತಿಂಗಳು ನಮ್ಮ ಸಂಘದ ವಾರದ ಮೀಟಿಂಗಿನಲ್ಲಿ ಉಳಿತಾಯದ ಹಣ ಎಣಿಸುತ್ತಿದ್ದಾಗ ಒಬ್ಬ ಹುಡುಗಿ ಕುಳಿತಲ್ಲೇ ವಾಲಿಬಿದ್ದಳು. ಮದುವೆಯಾಗಿ ಮೂರು ವರ್ಷ, ಮಡಿಲಲ್ಲಿ ಎಂಟು ತಿಂಗಳ ಕೂಸು. ಮುಖಕ್ಕೆ ನೀರು ಚಿಮುಕಿಸಿ, ಸಕ್ಕರೆ ನೀರು ಕುಡಿಸಿ ಕೇಳಿದರೆ "ಏನಿಲ್ಲ ಅಕ್ಕ, ಉಪವಾಸ" ಎಂದಳು. ಎಷ್ಟು ದಿನದ್ದು? ಇಪ್ಪತ್ತೊಂದು ದಿನದ್ದು, ಹಗಲೆಲ್ಲಾ ಬರೀ ನೀರು. ಎದೆಹಾಲು ಕುಡಿಸುವವಳಿಗೆ ಇದೆಂಥ ಉಪವಾಸ? ನಾವಿಬ್ಬರೂ ಕ್ರೈಸ್ತರು ಎಂಬ ಸಲಿಗೆಯಿಂದ ಅವಳು ನನ್ನ ಕಿವಿಯಲ್ಲಿ ಹೇಳಿದಳು: "ನಾನು ಯುದ್ಧದಲ್ಲಿದ್ದೇನೆ ಅಕ್ಕ." ಅವಳ ರವಿಕೆಯ ತೋಳಿನ ಕೆಳಗೆ ನಾಲ್ಕು ಬೆರಳಿನ ಗುರುತು ಇತ್ತು.

ಆ ಮಾತು ನನಗೆ ತಕ್ಷಣ ಅರ್ಥವಾಯಿತು. ಒಂಬತ್ತು ವರ್ಷ ನಾನೂ ಅದೇ ಯುದ್ಧದಲ್ಲಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕ್ರೈಸ್ತರಲ್ಲದ ಗೆಳತಿಯರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಬೈಬಲಿನಲ್ಲಿ ಎಫೆಸದ ಸಭೆಯವರಿಗೆ ಬರೆದ ಪತ್ರವೊಂದಿದೆ. ಪೌಲನು ಸೆರೆಯಲ್ಲಿದ್ದಾಗ ಬರೆದದ್ದೆಂದು ನಮ್ಮ ನಂಬಿಕೆ. ಅದರ 6ನೇ ಅಧ್ಯಾಯದಲ್ಲಿ, ನಮ್ಮ ಹೋರಾಟ ಮನುಷ್ಯರ ಮೇಲಲ್ಲ, ಕಣ್ಣಿಗೆ ಕಾಣದ ಕೇಡಿನ ಶಕ್ತಿಗಳ ಮೇಲೆ ಎಂಬ ಅರ್ಥದ ಮಾತು ಬರುತ್ತದೆ. ಅದಕ್ಕಾಗಿ ತೊಡಬೇಕಾದ ಆಯುಧಗಳ ಪಟ್ಟಿಯೂ ಇದೆ: ಸತ್ಯದ ನಡುಕಟ್ಟು, ನೀತಿಯ ಎದೆಕವಚ, ಸಮಾಧಾನದ ಕೆರ, ನಂಬಿಕೆಯ ಗುರಾಣಿ, ರಕ್ಷಣೆಯ ಶಿರಸ್ತ್ರಾಣ, ಆತ್ಮದ ಕತ್ತಿ. ರೋಮಿನ ಸಿಪಾಯಿಯ ವೇಷವನ್ನೇ ಇಟ್ಟುಕೊಂಡು, ಕೈಯಲ್ಲಿ ಒಂದು ಕೋಲೂ ಇಲ್ಲದ ಬಡ ಜನರಿಗೆ ಧೈರ್ಯ ಹೇಳಿದ ಪತ್ರ ಅದು. ಇದನ್ನೇ ಆತ್ಮಿಕ ಯುದ್ಧ ಎನ್ನುತ್ತಾರೆ.

ಈ ನಂಬಿಕೆಯಿಂದ ಒಳ್ಳೆಯದೇ ಆಗಿಲ್ಲವೇ? ಆಗಿದೆ. ಮಾಟ ಮದ್ದಿನ ಭಯದಲ್ಲಿ ಸಾಯುತ್ತಿದ್ದ ನನ್ನ ಚಿಕ್ಕಮ್ಮ ಪ್ರಾರ್ಥನೆಯ ಬಲದಿಂದ ಮೈಕೊಡವಿ ಎದ್ದು, ಒಬ್ಬಳೇ ಕತ್ತಲಲ್ಲಿ ಗದ್ದೆಗೆ ಹೋಗುವಂತಾದಳು. ಕುಡಿತ ಬಿಟ್ಟ ಗಂಡಸರನ್ನೂ ಕಂಡಿದ್ದೇನೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಈ ಮಾತಿಗೆ ಹೊಸ ಅಬ್ಬರ ಬಂದದ್ದು ಇತ್ತೀಚೆಗೆ. ಅಮೆರಿಕದ ಕ್ಯಾಲಿಫೋರ್ನಿಯಾದ ಫುಲ್ಲರ್ ಸೆಮಿನರಿಯಲ್ಲಿ ಪಾಠ ಹೇಳುತ್ತಿದ್ದ ಪೀಟರ್ ವ್ಯಾಗ್ನರ್ ಮತ್ತು ಅವರ ಜೊತೆಗಾರರು, ಊರೂರಿಗೂ ನಾಡುನಾಡಿಗೂ ಒಂದೊಂದು ದುರಾತ್ಮ ಒಡೆತನ ನಡೆಸುತ್ತದೆ, ಅದನ್ನು ಗುರುತಿಸಿ ಪ್ರಾರ್ಥನೆಯಿಂದ ಕಟ್ಟಿಹಾಕಬೇಕು ಎಂಬ ವಿಚಾರವನ್ನು 1990ರ ದಶಕದಲ್ಲಿ ಲೋಕವೆಲ್ಲ ಹರಡಿದರು. ಪುಸ್ತಕ, ಕ್ಯಾಸೆಟ್ಟು, ಕೂಟಗಳ ಮೂಲಕ ಅದು ನಮ್ಮೂರಿನ ತಗಡಿನ ಶೆಡ್ಡಿನ ಪ್ರಾರ್ಥನಾ ಮನೆಗೂ ಬಂತು. ಊರಿಗೊಂದು ದುರಾತ್ಮ ಆದ ಮೇಲೆ ಮನೆಗೊಂದು ಬೇಡವೇ? ಸಾಲಕ್ಕೊಂದು, ಸಿಟ್ಟಿಗೊಂದು, ಎದುರು ಮಾತಿಗೊಂದು. ಹೆಂಗಸರ ಪಾಲಿಗೆ ಬಂದದ್ದು "ಈಜೆಬೆಲಳ ಆತ್ಮ". ಈಜೆಬೆಲಳು ಬೈಬಲಿನ ಒಬ್ಬ ರಾಣಿ. ಗಂಡನ ಹೆಸರಿನಲ್ಲಿ ಸುಳ್ಳು ಪತ್ರ ಬರೆಸಿ, ನಾಬೋತನೆಂಬ ರೈತನನ್ನು ಕೊಲ್ಲಿಸಿ ಅವನ ದ್ರಾಕ್ಷಿತೋಟ ಕಿತ್ತುಕೊಂಡವಳು. ಭೂಮಿ ಕಬಳಿಸಿದ ರಾಣಿಯ ಹೆಸರನ್ನು, "ನನ್ನ ಬಳೆ ಅಡವಿಡಬೇಡಿ" ಎಂದ ಹೆಂಡತಿಗೆ ಅಂಟಿಸಿದರು!

ನನ್ನ ಮದುವೆ 1994ರಲ್ಲಿ ಆಯಿತು. "ನಾವು ಕ್ರೈಸ್ತರು, ನಮ್ಮಲ್ಲಿ ವರದಕ್ಷಿಣೆ ಇಲ್ಲ" ಎಂದೇ ಮಾತು ಶುರುವಾಗಿತ್ತು. ಆಮೇಲೆ ಹುಡುಗನ ಖರ್ಚಿಗೆಂದು ಮೂವತ್ತು ಸಾವಿರ, ಐದು ತೊಲ ಬಂಗಾರ. ಕಾಂಪೌಂಡರ್ ಆಗಿದ್ದ ನನ್ನ ಅಪ್ಪ ಸಾಲ ಮಾಡಿ ಕೊಟ್ಟರು. ಎರಡನೇ ವರ್ಷ ಮೋಟಾರ್ ಸೈಕಲ್ ಬೇಕಾಯಿತು, ನಾಲ್ಕನೇ ವರ್ಷ ಸೈಟಿಗೆ ಹಣ. ಅಪ್ಪನ ಹತ್ತಿರ ಇರಲಿಲ್ಲ. ಹೊಡೆತ ಬಿತ್ತು. ನನ್ನ ಗಂಡ ಕುಡಿಯುವವನಲ್ಲ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ, ಭಾನುವಾರ ಹಾಡಿನ ತಂಡದ ಮುಂದಾಳು.

ಚರ್ಚಿನ ಪಾಸ್ಟರಿಗೆ ಹೇಳಿದೆ. ಒಂದು ಶುಕ್ರವಾರ ಅವರೂ ಇಬ್ಬರು ಹಿರಿಯರೂ ಮನೆಗೆ ಬಂದರು. "ಅಮ್ಮಾ, ನಿನ್ನ ವೈರಿ ನಿನ್ನ ಗಂಡನಲ್ಲ, ಅವನ ಹಿಂದೆ ನಿಂತವನು" ಎಂದರು. ನನ್ನ ಗಂಡನ ತಲೆಯ ಮೇಲೆ ಯಾರೂ ಕೈ ಇಡಲಿಲ್ಲ. ನನ್ನ ತಲೆಯ ಮೇಲೆ ಮೂರು ಜನ ಇಟ್ಟರು. ನನ್ನೊಳಗಿನ ಎದುರಾಡುವ ಆತ್ಮವನ್ನು ಗದರಿಸಿ ಓಡಿಸಿದರು, ಬಾಗಿಲ ಚೌಕಟ್ಟಿಗೆ ಎಣ್ಣೆ ಹಚ್ಚಿದರು. ಗಂಡ ಕಣ್ಣು ಮುಚ್ಚಿ "ಆಮೆನ್" ಎನ್ನುತ್ತಿದ್ದ. ಅವರಿಗೆ ಚಹಾ ಮಾಡಿಕೊಟ್ಟವಳೂ ನಾನೇ.

ಅಂದಿನಿಂದ ಅವನಿಗೊಂದು ಹೊಸ ಭಾಷೆ ಸಿಕ್ಕಿತು. ಹೊಡೆದ ಮೇಲೆ ಅಳುತ್ತಿದ್ದ: "ನಾನಲ್ಲ, ಅವನು ಹೊಡೆಸಿದ." ಕೆಲವು ತಿಂಗಳಲ್ಲಿ ಅಳು ನಿಂತಿತು, ಮಾತು ತಿರುಗಿತು: "ನೀನು ಸರಿಯಾಗಿ ಪ್ರಾರ್ಥನೆ ಮಾಡಿದ್ದರೆ ಸೈತಾನ ಮನೆಯೊಳಗೆ ಬರುತ್ತಿದ್ದನೇ?" ಹೀಗೆ ತಪ್ಪು ಮೊದಲು ಗಂಡನಿಂದ ಸೈತಾನನಿಗೆ ಹೋಯಿತು, ಆಮೇಲೆ ಸೈತಾನನಿಂದ ನನಗೆ ಬಂತು. ನಾನು ಇನ್ನೂ ಹೆಚ್ಚು ಉಪವಾಸ ಮಾಡಿದೆ.

ಒಂದು ಸಂಗತಿ ಹೊಳೆಯಲು ನನಗೆ ವರ್ಷಗಳೇ ಬೇಕಾದವು. ಪ್ರೆಸ್ಸಿನ ಮಾಲೀಕರು ಎಲ್ಲರ ಎದುರು ಬೈದಾಗ ಈ ಸೈತಾನ ಒಂದು ಸಲವೂ ಅವನ ಕೈ ಎತ್ತಿಸಲಿಲ್ಲ. ಹಾಡಿನ ತಂಡದ ಜಗಳದಲ್ಲೂ ಇಲ್ಲ. ಬಾಗಿಲು ಹಾಕಿದ ಮೇಲೆಯೇ ಬರುತ್ತಿದ್ದ. ಮುಖಕ್ಕೆ ಹೊಡೆಯುತ್ತಿರಲಿಲ್ಲ, ಬೆನ್ನಿಗೆ, ತೋಳಿಗೆ. ರವಿಕೆಯ ಅಂಚು ಎಲ್ಲಿಗೆ ಮುಗಿಯುತ್ತದೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತವರಿನಿಂದ ಹಣ ಬಂದ ತಿಂಗಳು ರಜೆ ಹಾಕುತ್ತಿದ್ದ. ಇದು ಎಂಥ ದುರಾತ್ಮ, ಗೆಳತಿಯರೇ? ಲೆಕ್ಕ ಬಲ್ಲ ಗಂಡಸಿನ ಬುದ್ಧಿಯಲ್ಲವೇ ಇದು?

2003ರಲ್ಲಿ ಸಂಘಕ್ಕೆ ಸೇರಿದೆ. ಕೈಗೆ ಬಟ್ಟೆ ಕಟ್ಟಿಕೊಂಡು ಹೋದ ದಿನ "ಬಾವಿಕಟ್ಟೆಯಲ್ಲಿ ಜಾರಿದೆ" ಎಂದೆ. ಪಕ್ಕದಲ್ಲಿ ಬೀಡಿ ಕಟ್ಟುವ ಹಿರಿಯ ಮುಸ್ಲಿಂ ಹೆಂಗಸೊಬ್ಬರು ಕುಳಿತಿದ್ದರು. "ಬಾವಿ ತಿಂಗಳಿಗೆ ಎರಡು ಸಲ ಹೊಡೆಯುತ್ತದೇನಮ್ಮಾ?" ಎಂದು ಮೆಲ್ಲಗೆ ಕೇಳಿದರು. ಅಷ್ಟೇ. ನನ್ನ ಒಂಬತ್ತು ವರ್ಷದ ಯುದ್ಧ ಅಲ್ಲಿಗೆ ಮುಗಿಯಿತು. ಆರು ಜನ ಹೆಂಗಸರು ನಮ್ಮ ಮನೆಯ ಜಗುಲಿಯಲ್ಲಿ ಕುಳಿತರು, ಮರುದಿನ ನನ್ನ ಜೊತೆ ಠಾಣೆಗೆ ಬಂದರು.

ಬೆಂಗಳೂರಿನಲ್ಲಿ 1990ರ ದಶಕದ ಕೊನೆಗೆ ವಿಮೋಚನಾದ ಕಾರ್ಯಕರ್ತೆಯರು ಹೆಂಗಸರ ಅಸಹಜ ಸಾವುಗಳ ದಾಖಲೆಗಳ ಬೆನ್ನುಹತ್ತಿದಾಗ ಮತ್ತೆ ಮತ್ತೆ ಕಂಡದ್ದು ಒಂದೇ ಕಾರಣ: ಸ್ಟವ್ ಸಿಡಿಯಿತು. ಸ್ಟವ್ ಸಿಡಿಯಿತು, ಬಾವಿಕಟ್ಟೆ ಜಾರಿತು, ಸೈತಾನ ಹೊಡೆಸಿದ. ಮೂರರಲ್ಲೂ ಒಬ್ಬ ಮನುಷ್ಯನ ಹೆಸರು ಕಾಣೆ. ಗಾಳಿ ಸೋಕಿದೆ, ಗ್ರಹಚಾರ ಸರಿಯಿಲ್ಲ ಎನ್ನುವ ಇತರ ಮನೆಗಳಲ್ಲೂ ಇದೇ ಕಥೆ.

ಈಗ ನಮ್ಮ ಪಾಸ್ಟರುಗಳಿಗೆ ಅವರ ಪುಸ್ತಕದಿಂದಲೇ ಕೇಳುತ್ತೇನೆ. ಅಪೊಸ್ತಲರ ಕೃತ್ಯಗಳ 5ನೇ ಅಧ್ಯಾಯ ತೆಗೆಯಿರಿ. ಅನನೀಯ ಆಸ್ತಿ ಮಾರಿ, ಹಣದಲ್ಲಿ ಪಾಲು ಮುಚ್ಚಿಟ್ಟು ಸುಳ್ಳು ಹೇಳಿದ. ಸೈತಾನ ಅವನ ಹೃದಯ ತುಂಬಿದ್ದಾನೆಂದು ಪೇತ್ರನೇ ಹೇಳುತ್ತಾನೆ. ಹಾಗೆಂದು ಅನನೀಯನನ್ನು ಬಿಟ್ಟನೇ? ಇಲ್ಲ. ಸುಳ್ಳು ಹೇಳಿದವನು ನೀನೇ ಎಂದ, ಅವನು ಬಿದ್ದು ಸತ್ತ. ಸೈತಾನ ಪ್ರೇರೇಪಿಸಿದರೂ ಲೆಕ್ಕ ಕೊಡಬೇಕಾದವನು ಮನುಷ್ಯನೇ. (ಇನ್ನೊಂದು ಮಾತು: ಅಲ್ಲಿ ಪೇತ್ರ ಹೆಂಡತಿ ಸಪ್ಫೈರಳನ್ನು ಗಂಡನಿಲ್ಲದಾಗ ಬೇರೆಯಾಗಿ ವಿಚಾರಿಸಿದ. ನಮ್ಮ ಹಿರಿಯರು ಎಂದಾದರೂ ಹೆಂಡತಿಯನ್ನು ಬೇರೆಯಾಗಿ ಕೇಳಿದ್ದುಂಟೇ?)

ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಹದಿನೆಂಟು ವರ್ಷ ನಡು ಬಾಗಿಯೇ ಇದ್ದ ಹೆಂಗಸೊಬ್ಬಳಿದ್ದಾಳೆ. ಅವಳನ್ನು ಸೈತಾನ ಕಟ್ಟಿಹಾಕಿದ್ದ ಎಂದು ಯೇಸುವೇ ಹೇಳಿದ. ಇನ್ನೂ ಸ್ವಲ್ಪ ತಾಳಿಕೋ, ಉಪವಾಸ ಮಾಡು ಎಂದನೇ? ಸಬ್ಬತ್ ದಿನ ಎಂದೂ ನೋಡದೆ ಆ ಗಳಿಗೆಯಲ್ಲೇ ನೆಟ್ಟಗೆ ನಿಲ್ಲಿಸಿದ. ತಕರಾರು ತೆಗೆದವನು ಸಭಾಮಂದಿರದ ಅಧಿಕಾರಿ! ಸಬ್ಬತ್ ದಿನವೂ ಎತ್ತನ್ನು ಗೋದಲಿಯಿಂದ ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋಗುತ್ತೀರಿ, ಇವಳ ಕಟ್ಟು ಬಿಚ್ಚಬಾರದೇ ಎಂಬುದು ಯೇಸುವಿನ ಪ್ರಶ್ನೆ. ಸೈತಾನನ ಮೇಲೆ ಯುದ್ಧವೆಂದರೆ ಹೆಂಗಸಿನ ಕಟ್ಟು ಬಿಚ್ಚುವುದು. ನೀವು ಇನ್ನೊಂದು ಗಂಟು ಹಾಕುತ್ತಿದ್ದೀರಿ.

ಆ ಕಾಣದ ಅಧಿಕಾರಗಳೆಂದರೆ ಗಾಳಿಯಲ್ಲಿ ಹಾರಾಡುವ ಭೂತಗಳಷ್ಟೇ ಅಲ್ಲ, ಜನರನ್ನು ತುಳಿಯುವ ವ್ಯವಸ್ಥೆಗಳೂ ಹೌದು ಎಂದು ವಾಲ್ಟರ್ ವಿಂಕ್ ಎಂಬ ಅಮೆರಿಕದ ಪಂಡಿತರು 1984ರಲ್ಲೇ ಬರೆದರು. ವರದಕ್ಷಿಣೆ ಅಂಥದೊಂದು ಅಧಿಕಾರವಲ್ಲವೇ? ಅದನ್ನು ಗದರಿಸಿ ಓಡಿಸುವ ಪ್ರಾರ್ಥನೆಯನ್ನು ನಮ್ಮ ಚರ್ಚಿನಲ್ಲಿ ನಾನು ಕೇಳಿಯೇ ಇಲ್ಲ. ಬಹುಶಃ ನಿಶ್ಚಿತಾರ್ಥದ ಊಟ ಕೆಟ್ಟೀತೆಂಬ ಭಯ.

"ಹೊರಗಿನವರ ಮುಂದೆ ನಮ್ಮ ಮಾನ ಕಳೆಯಬೇಡ" ಎನ್ನುತ್ತಾರೆ. ಈ ಮಾತನ್ನು ನಾನು ಹಗುರಾಗಿ ತಳ್ಳಿಹಾಕುವುದಿಲ್ಲ. 2008ರ ಸೆಪ್ಟೆಂಬರಿನಲ್ಲಿ ಕರಾವಳಿಯಲ್ಲಿ, ಚಿಕ್ಕಮಗಳೂರಿನಲ್ಲಿ ಚರ್ಚುಗಳಿಗೆ ನುಗ್ಗಿ ಒಡೆದಾಗ ನಾವೂ ಬಾಗಿಲು ಹಾಕಿಕೊಂಡು ನಡುಗಿದವರೇ. ನನ್ನ ಈ ಬರಹ ಹಿಡಿದು ನಮ್ಮ ಮೇಲೆ ಕಲ್ಲೆಸೆಯುವವರಿಗೆ ಹೇಳುತ್ತೇನೆ: ನಿಮ್ಮ ಮನೆಯ ಸೊಸೆಯನ್ನು ಮೊದಲು ಕೇಳಿ ಬನ್ನಿ. ಆದರೆ ಹೊರಗಿನವರ ಕಲ್ಲಿನ ಭಯಕ್ಕೆ ಒಳಗಿನ ಪೆಟ್ಟನ್ನು ಎಷ್ಟು ದಿನ ಮುಚ್ಚಿಡಬೇಕು? 1869ರ ವಿಚ್ಛೇದನ ಕಾಯ್ದೆಯ ಪ್ರಕಾರ ಗಂಡ ಎಷ್ಟೇ ಹೊಡೆದರೂ ಕ್ರೈಸ್ತ ಹೆಂಡತಿಗೆ ಹೊಡೆತವೊಂದೇ ಕಾರಣದಿಂದ ವಿಚ್ಛೇದನ ಸಿಗುತ್ತಿರಲಿಲ್ಲ. ಬೇರೆ ವಾಸಕ್ಕೆ ಮಾತ್ರ ಅವಕಾಶ. ಅದು ಬದಲಾದದ್ದು 2001ರಲ್ಲಿ. ಕಾಯ್ದೆ ಬದಲಾದರೂ ಪ್ರಸಂಗ ಬದಲಾಗಿಲ್ಲ.

2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ, 1961ರ ವರದಕ್ಷಿಣೆ ನಿಷೇಧ ಕಾಯ್ದೆ ಎಲ್ಲ ಧರ್ಮದ ಹೆಂಗಸರಿಗೂ ಅನ್ವಯಿಸುತ್ತವೆ. ಹಿಂದೆ 498ಎ ಎನ್ನುತ್ತಿದ್ದುದು ಜುಲೈ 2024ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು. ಸಹಾಯವಾಣಿ 181. ಠಾಣೆಗೆ ಹೋಗಲು ಹೆದರುವವರು ಸಿಡಿಪಿಓ ಕಚೇರಿಗೆ ಹೋಗಬಹುದು. ನಮ್ಮ ರಾಜ್ಯದಲ್ಲಿ ಅವರೇ ಸಂರಕ್ಷಣಾಧಿಕಾರಿಗಳು. ಪ್ರಾರ್ಥನೆ ಬಿಟ್ಟು ಬನ್ನಿ ಎಂದು ಯಾರೂ ಹೇಳುತ್ತಿಲ್ಲ. ನಾನೂ ಬಿಟ್ಟಿಲ್ಲ. ಆಯುಧಗಳ ಪಟ್ಟಿಯಲ್ಲಿ ಮೊದಲು ಬರುವುದು ಸತ್ಯ. ದೂರಿನಲ್ಲಿ ಗಂಡನ ಹೆಸರು ಬರೆಯುವುದೂ ಸತ್ಯವೇ.

ಆ ಹುಡುಗಿ ಮೊನ್ನೆ ಉಪವಾಸ ಮುರಿದು ನಮ್ಮ ಮನೆಯಲ್ಲಿ ಅನ್ನ ಸಾರು ಉಂಡಳು. ಅರ್ಜಿಯನ್ನು ತಾನೇ ಬರೆದಳು, ಎರಡು ಸಲ ಹರಿದು ಮೂರನೇ ಸಲ ಗಂಡನ ಹೆಸರು ಬರೆದಳು. ರಾತ್ರಿ ಅವಳ ಪಾಸ್ಟರ್ ನನಗೆ ಫೋನ್ ಮಾಡಿದರು. "ಸ್ತೋತ್ರ ಸಿಸ್ಟರ್, ಇದನ್ನು ಪ್ರಾರ್ಥನೆಯಲ್ಲೇ ಮುಗಿಸೋಣ" ಎಂದರು. "ಸೋಮವಾರ ಹನ್ನೊಂದು ಗಂಟೆಗೆ ಸಿಡಿಪಿಓ ಕಚೇರಿಗೆ ಹೋಗುತ್ತಿದ್ದೇವೆ ಪಾಸ್ಟರ್. ಅವಳ ಮೈಮೇಲಿನ ಗಾಯ ನೀವೂ ನೋಡಿದ್ದೀರಿ. ಸಾಕ್ಷಿ ಹೇಳಲು ಬನ್ನಿ" ಎಂದೆ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ನಾವು ಐದು ಜನ ಹತ್ತೂವರೆಗೆ ಬಸ್ ಸ್ಟ್ಯಾಂಡಿನಲ್ಲಿ ಸೇರುವುದೆಂದು ಮಾತಾಗಿದೆ. ಕೂಸನ್ನು ಎತ್ತಿಕೊಳ್ಳಲು ಬೀಡಿ ಕಟ್ಟುವ ಅಕ್ಕನೂ ಬರುತ್ತಾರೆ.