ಕಾಯಕ ಭಾಷಣಕ್ಕೆ, ನೌಕರಿ ಮದುವೆಗೆ!





ಪದವಿ ಪರೀಕ್ಷೆಯ ಫಲಿತಾಂಶಗಳು ಹೊರಬಿದ್ದ ದಿನಗಳಲ್ಲಿ ಶ್ರೀಮಠಕ್ಕೆ ಬರುವ ತಂದೆತಾಯಿಗಳ ಸಂಖ್ಯೆ ಹೆಚ್ಚುತ್ತದೆ. ಮಗನನ್ನೋ ಮಗಳನ್ನೋ ಮುಂದೆ ನಿಲ್ಲಿಸಿ, "ಅಪ್ಪಾವರೇ, ಇವನಿಗೊಂದಿಷ್ಟು ಬುದ್ಧಿ ಹೇಳ್ರಿ" ಎಂದು ಕೇಳಿಕೊಳ್ಳುತ್ತಾರೆ. ಹೀಗೆಯೇ ಒಬ್ಬ ಹಿರಿಯರು ತಮ್ಮ ಮಗನನ್ನು ಕರೆತಂದಿದ್ದರು. ಹುಡುಗ ಪದವೀಧರ, ದುಶ್ಚಟಗಳಿಲ್ಲದವನು, ದಿನವೂ ಇಷ್ಟಲಿಂಗ ಪೂಜೆ ಮಾಡುವವನು. ಹಾಗಾದರೆ ಅವನ ಅಪರಾಧವೇನು? ತಂದೆಯ ಹೊಲವನ್ನು ತಾನೇ ಮಾಡುತ್ತೇನೆ, ಹನಿ ನೀರಾವರಿ ಹಾಕಿಸಿ ನಾಲ್ಕು ಎಮ್ಮೆ ಕಟ್ಟುತ್ತೇನೆ ಎಂದದ್ದೇ ಅವನ ಅಪರಾಧ! "ಧಾರವಾಡಕ್ಕೆ ಹೋಗಿ ಕೋಚಿಂಗ್ ಸೇರು ಅಂತ ನೀವೇ ಹೇಳ್ರಿ. ಹೊಲ ಮಾಡುವವನಿಗೆ ಹೆಣ್ಣು ಕೊಡೋರು ಯಾರ್ರಿ?" ಎಂದು ಆ ತಂದೆ ಕಣ್ಣೀರು ತಂದುಕೊಂಡರು. ಅದೇ ಹಿರಿಯರು ತಮ್ಮ ಊರಿನ ಬಸವ ಜಯಂತಿಯ ವೇದಿಕೆಯಲ್ಲಿ ಕಾಯಕದ ಮಹತ್ವವನ್ನು ಕುರಿತು ಮುಕ್ಕಾಲು ಗಂಟೆ ಮಾತನಾಡಿದ್ದನ್ನು ನಾವು ಕೇಳಿದ್ದೆವು.

ಅವರನ್ನೊಬ್ಬರನ್ನೇ ದೂರುವುದು ನ್ಯಾಯವಲ್ಲ. ಅವರು ನಮ್ಮೆಲ್ಲರ ಮನೆಯ ಮಾತನ್ನೇ ಆಡಿದರು. ನಾಲಿಗೆಯ ಮೇಲೆ ಕಾಯಕ, ಮನದೊಳಗೆ ಅದರ ತಿರಸ್ಕಾರ. ಇದು ಇಂದಿನ ಶರಣ ಸಮಾಜದ ನಿಜಸ್ಥಿತಿ. ಪ್ರಾಯಕ್ಕೆ ಕಾಲಿಡುತ್ತಿರುವ ಮಕ್ಕಳಿಗೆ ಬುದ್ಧಿ ಹೇಳುವ ಮೊದಲು ಹಿರಿಯರಾದ ನಾವು ಈ ಸುಳ್ಳನ್ನು ಒಪ್ಪಿಕೊಳ್ಳಬೇಕು.

ಇಂದಿನ ಚಿಂತನೆಗೆ ಆಯ್ದಕ್ಕಿ ಲಕ್ಕಮ್ಮ ತಾಯಿಯವರ ವಚನವನ್ನು ಆರಿಸಿಕೊಂಡಿದ್ದೇವೆ. ಅದರ ಹಿನ್ನೆಲೆ ಭಕ್ತರಿಗೆಲ್ಲ ತಿಳಿದದ್ದೇ. ಈಗಿನ ರಾಯಚೂರು ಜಿಲ್ಲೆಯ ಲಿಂಗಸೂಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನವರು ಅಣ್ಣ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಅದರಿಂದಲೇ ದಾಸೋಹ, ಅದರಿಂದಲೇ ಜೀವನ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಕಂಡ ಲಕ್ಕಮ್ಮನವರು ಹಿಗ್ಗಲಿಲ್ಲ. ಅತಿಯಾದ ಅಪೇಕ್ಷೆ ದೊರೆಗಳಿಗೆ ಒಪ್ಪೀತೇ ಹೊರತು ಭಕ್ತನಿಗೆ ಸಲ್ಲದು. ನಮಗೆ ಬೇಕಾದುದಕ್ಕಿಂತ ಮಿಕ್ಕಿದ್ದನ್ನು ತಂದಲ್ಲಿಗೇ ಹಿಂತಿರುಗಿಸಿ ಬನ್ನಿ ಎಂಬುದು ಆ ತಾಯಿ ಗಂಡನಿಗೆ ಹೇಳಿದ ಮಾತಿನ ಸಾರ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ನೆಲದ ಮೇಲೆ ಬಿದ್ದ ಕಾಳನ್ನು ಆಯುವ ಕೆಲಸ. ಇಂದಿನ ಅಳತೆಗೋಲಿನಿಂದ ನೋಡಿದರೆ ಅದಕ್ಕಿಂತ ಕೀಳಾದ ದುಡಿಮೆ ಮತ್ತೊಂದಿಲ್ಲ. ಆದರೂ ಆ ದಂಪತಿಗಳ ಹೆಸರಿನ ಮುಂದೆಯೇ ಆ ಕಾಯಕವನ್ನು ಕಲ್ಯಾಣವು ಗೌರವದಿಂದ ಸೇರಿಸಿತು. ಎರಡನೆಯದು, ಗಂಡ ಹೆಚ್ಚು ತಂದಾಗ "ಇದು ಎಲ್ಲಿಂದ ಬಂತು?" ಎಂದು ಕೇಳಿದವಳು ಹೆಂಡತಿ. ಇಂದು ಎಷ್ಟು ಮನೆಗಳಲ್ಲಿ ಈ ಪ್ರಶ್ನೆ ಕೇಳಿಬರುತ್ತದೆ? ಕನ್ಯೆ ನೋಡುವ ಶಾಸ್ತ್ರದಲ್ಲಿ ವರನ ಸಂಬಳದ ಜೊತೆಗೆ ಗಿಂಬಳವೆಷ್ಟು ಎಂದು ಹಲ್ಲುಕಿರಿದು ವಿಚಾರಿಸುವ ಹಿರಿಯರನ್ನು ನಾವು ಕಂಡಿಲ್ಲವೇ? ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಗಿಂಬಳದ ವಿಚಾರಣೆ! ಲಕ್ಕಮ್ಮ ತಾಯಿ ಮಿಕ್ಕ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದಳು. ನಾವು ಮಿಕ್ಕದ್ದು ಬರುವ ಮನೆಯನ್ನೇ ಹುಡುಕಿ ಮಗಳನ್ನು ಕಳುಹಿಸುತ್ತಿದ್ದೇವೆ.

ಇದರ ಫಲವನ್ನು ನಾಡು ಉಣ್ಣುತ್ತಿದೆ. 545 ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗಾಗಿ 2021ರ ಅಕ್ಟೋಬರ್ ತಿಂಗಳಲ್ಲಿ ನಡೆದ ಪರೀಕ್ಷೆಯಲ್ಲಿ ಅಕ್ರಮ ನಡೆದದ್ದು ಬಯಲಾಗಿ, 2022ರ ಏಪ್ರಿಲ್‌ನಲ್ಲಿ ಸರ್ಕಾರವು ಆ ನೇಮಕಾತಿಯನ್ನೇ ರದ್ದು ಮಾಡಬೇಕಾಯಿತು. ಹಗಲಿರುಳು ಓದಿ ಪ್ರಾಮಾಣಿಕವಾಗಿ ಬರೆದ ಮಕ್ಕಳೂ ಮರುಪರೀಕ್ಷೆಗಾಗಿ 2024ರ ಜನವರಿಯವರೆಗೆ ಕಾಯಬೇಕಾಯಿತು. ಹುದ್ದೆಯನ್ನು ಹಣ ಕೊಟ್ಟು ಕೊಳ್ಳುವವನು ಮುಂದೆ ಅದನ್ನು ಬಡ್ಡಿಸಹಿತ ಬಡವರಿಂದ ವಸೂಲು ಮಾಡದೆ ಬಿಡುವನೇ? ಅಂತಹ ನೌಕರಿಯಿಂದ ಬಂದ ಅನ್ನವನ್ನು ಪ್ರಸಾದವೆಂದು ಹೇಗೆ ಸ್ವೀಕರಿಸುವುದು? ಇಂತಹ ವಹಿವಾಟಿಗೆಂದು ಹೊಲವನ್ನು ಮಾರಲು ಸಿದ್ಧನಾಗುವ ತಂದೆ, ಅದೇ ಹೊಲದಲ್ಲಿ ದುಡಿಯುತ್ತೇನೆಂದ ಮಗನನ್ನು ಮೂರ್ಖನೆನ್ನುತ್ತಾನೆ!

"ಅಣ್ಣನವರೂ ಬಿಜ್ಜಳನ ಆಸ್ಥಾನದಲ್ಲಿ ನೌಕರಿ ಮಾಡಿದವರಲ್ಲವೇ?" ಎಂದು ಕೆಲವರು ಕೇಳುತ್ತಾರೆ. ನಿಜ. ಅವರು ಭಂಡಾರಿಯಾಗಿದ್ದರು. ಶರಣರು ಯಾವ ನೌಕರಿಯನ್ನೂ ನಿಂದಿಸಿಲ್ಲ, ನಾವೂ ನಿಂದಿಸುತ್ತಿಲ್ಲ. ಆದರೆ ಅವರ ಮೇಲೆ ಚಾಡಿ ಹೇಳಿದವರು ಭಂಡಾರವನ್ನು ಎಣಿಸಿ ನೋಡಿದಾಗ ಲೆಕ್ಕ ತಪ್ಪಿರಲಿಲ್ಲವೆಂಬ ಕಥೆಯನ್ನೂ ಜೊತೆಗೇ ನೆನೆಯಬೇಕು. ಸರ್ಕಾರಿ ಕೆಲಸಕ್ಕೆ ಹೋಗುವ ಯುವಕರೇ, ನಿಮಗೆ ಅಣ್ಣನವರೇ ಮಾದರಿ. ಅವರ ಭಾವಚಿತ್ರ ಇಂದು ನಿಮ್ಮ ಕಚೇರಿಯ ಗೋಡೆಯ ಮೇಲಿದೆ. 2024ರಲ್ಲಿ ರಾಜ್ಯ ಸರ್ಕಾರವು ಅವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಆ ಚಿತ್ರದ ಕೆಳಗೆ ಕುಳಿತು ಕೈಯೊಡ್ಡುವುದಕ್ಕಿಂತ ಚಿತ್ರವನ್ನು ಇಳಿಸಿಡುವುದೇ ಮೇಲು!

ಕಾಯಕವೆಂದರೆ ಬರಿಯ ದುಡಿಮೆಯಲ್ಲ. ಕಳ್ಳನೂ ರಾತ್ರಿಯೆಲ್ಲ ದುಡಿಯುತ್ತಾನೆ. ಸತ್ಯಶುದ್ಧವಾಗಿರಬೇಕು, ಮೇಲುಕೀಳೆಂಬ ಭಾವವಿರಬಾರದು, ಫಲವು ದಾಸೋಹಕ್ಕೆ ಸಲ್ಲಬೇಕು. ಈ ಮೂರೂ ಕೂಡಿದಾಗ ಮಾತ್ರ ಅದು ಕಾಯಕ. ಅಂಬಿಗರ ಚೌಡಯ್ಯ ದೋಣಿ ನಡೆಸಿದರು, ಮಡಿವಾಳ ಮಾಚಿದೇವರು ಬಟ್ಟೆ ಮಡಿ ಮಾಡಿದರು, ತುರುಗಾಹಿ ರಾಮಣ್ಣ ದನ ಕಾಯ್ದರು, ಕದಿರ ರೆಮ್ಮವ್ವೆ ನೂಲು ತೆಗೆದರು, ಕೊಟ್ಟಣದ ಸೋಮವ್ವೆ ಧಾನ್ಯ ಕುಟ್ಟಿದರು, ಒಕ್ಕಲಿಗ ಮುದ್ದಣ್ಣ ಹೊಲ ಉತ್ತರು. ಇವರೆಲ್ಲರೂ ವಚನಕಾರರು. ಹಗ್ಗ ಹೊಸೆಯುವ ನುಲಿಯ ಚಂದಯ್ಯನವರಂತೂ ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದರೂ ಕಾಯಕವನ್ನು ಬಿಡಲಿಲ್ಲವೆಂದು ಶರಣ ಚರಿತ್ರೆ ಹೇಳುತ್ತದೆ. ಗುರು, ಲಿಂಗ, ಜಂಗಮ ಈ ಮೂವರೂ ಕಾಯಕದ ಕಟ್ಟಳೆಗೆ ಒಳಗಾದವರೇ ಎಂಬುದು ಅವರ ನಿಲುವು. ಅಂತಹವರ ವಂಶದ ಕುಡಿಗಳೆಂದು ಹೇಳಿಕೊಳ್ಳುವ ನಾವು "ಹುಡುಗ ಒಕ್ಕಲುತನ ಮಾಡುತ್ತಾನೆ" ಎಂದೊಡನೆ ಜಾತಕದಂತೆ ಬಯೋಡೇಟಾವನ್ನು ಮಡಚಿ ಹಿಂದಕ್ಕೆ ಕೊಡುತ್ತೇವೆ. ಒಕ್ಕಲಿಗ ಮುದ್ದಣ್ಣನವರು ಇಂದು ಬಂದು ಹೆಣ್ಣು ಕೇಳಿದರೆ ನಮ್ಮಲ್ಲಿ ಯಾರು ಕೊಟ್ಟೇವು?

ಇದು ಬರಿಯ ಮಾತಿನ ಚಮತ್ಕಾರವಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯಿಂದ ಮದುವೆಯಾಗದ ಯುವಕರು, ಬಹುಮಟ್ಟಿಗೆ ರೈತರ ಮಕ್ಕಳು, ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಪತ್ರಿಕೆಗಳಲ್ಲಿ ಓದಿ ನಕ್ಕವರು ಬಹಳ. ಅದರಲ್ಲಿ ನಗುವಂಥದ್ದೇನಿತ್ತು? ನಾಡಿಗೆ ಅನ್ನ ಕೊಡುವವನ ಮನೆಗೆ ಸೊಸೆ ಬರುವುದಿಲ್ಲವೆಂದರೆ ಅದು ಒಂದು ಜಿಲ್ಲೆಯ, ಒಂದು ಜಾತಿಯ ಸಂಕಟವಲ್ಲ.

ಎದುರು ವಾದವನ್ನೂ ಆಲಿಸೋಣ. "ಮಳೆ ನಂಬುವಂತಿಲ್ಲ, ಬೆಲೆ ನಂಬುವಂತಿಲ್ಲ, ಸಾಲ ತೀರುವುದಿಲ್ಲ, ಮಗಳು ಕಷ್ಟಪಡಲೆಂದು ಯಾವ ತಂದೆ ಬಯಸುತ್ತಾನೆ?" ಈ ಮಾತಿನಲ್ಲಿ ಸತ್ಯವಿದೆ. ಒಕ್ಕಲುತನದ ಕಷ್ಟವನ್ನು ಮರೆಮಾಚಿ ಅದರ ಹಿರಿಮೆಯನ್ನು ಹಾಡುವುದು ಮತ್ತೊಂದು ಬಗೆಯ ಸುಳ್ಳು. ಇನ್ನು ಹೆಣ್ಣುಮಕ್ಕಳು ಹಿಂಜರಿಯುವುದಕ್ಕೆ ಹೊಲದ ಕೆಲಸವೊಂದೇ ಕಾರಣವಲ್ಲ. ಮುಂಜಾನೆ ನಾಲ್ಕಕ್ಕೆ ಎದ್ದು ಸೆಗಣಿ ಬಾಚಿ, ರೊಟ್ಟಿ ಬಡಿದು, ಹೊಲಕ್ಕೆ ಬುತ್ತಿ ಹೊತ್ತು, ಸಂಜೆ ಮರಳಿ ಒಲೆಯ ಮುಂದೆ ಕೂರುವ ಸೊಸೆಗೆ ಮನೆಯ ಲೆಕ್ಕಾಚಾರದಲ್ಲಿ ಮಾತಿನ ಹಕ್ಕಿಲ್ಲ, ಹೊಲದ ಉತಾರದಲ್ಲಿ ಹೆಸರಿಲ್ಲ. ಅಂತಹ ಮನೆಯನ್ನು ಒಲ್ಲೆನೆನ್ನುವ ಹೆಣ್ಣುಮಗಳನ್ನು ನಾವು ದೂರಲಾರೆವು. ಆಯ್ದಕ್ಕಿ ಮಾರಯ್ಯನವರಾದರೋ ಹೆಂಡತಿಯ ಮಾತು ಕೇಳಿ ಅಕ್ಕಿಯನ್ನು ಹಿಂದಕ್ಕೆ ಒಯ್ದರು. ಹೆಣ್ಣು ಸಿಗುತ್ತಿಲ್ಲವೆನ್ನುವ ಯುವಕರು ಮಾರಯ್ಯನವರಂತೆ ಕೇಳಿಸಿಕೊಳ್ಳುವ ಕಿವಿ ತಮಗಿದೆಯೇ ಎಂದು ಪರೀಕ್ಷಿಸಿಕೊಳ್ಳಲಿ.

ಆ ದಿನ ಬಂದಿದ್ದ ಹುಡುಗನಿಗೂ ನಾವು ಒಂದು ಪ್ರಶ್ನೆ ಕೇಳಿದೆವು: "ತಮ್ಮಾ, ನಿನ್ನ ತಂಗಿಗೆ ಹೊಲ ಮಾಡುವ ವರ ಬಂದರೆ ಒಪ್ಪುವೆಯಾ?" ಅಲ್ಲಿಯವರೆಗೆ ನೆಟ್ಟಗೆ ನಿಂತಿದ್ದವನು ತಲೆ ತಗ್ಗಿಸಿದನು. ತಂದೆಯ ತಪ್ಪು ಮಗನಲ್ಲಿಯೂ ಇತ್ತು. ತನ್ನ ಕಾಯಕಕ್ಕೆ ಗೌರವ ಬೇಡುವವನು ಪರರ ಕಾಯಕಕ್ಕೂ ಅದೇ ಗೌರವವನ್ನು ಕೊಡಬೇಕು. ಇಲ್ಲವಾದರೆ ಅದು ಹಟವಾದೀತು, ನಿಷ್ಠೆಯಾಗಲಾರದು.

ಮದುವೆಯೆಂಬುದು ಶರಣರಿಗೆ ಸಣ್ಣ ವಿಷಯವಾಗಿರಲಿಲ್ಲ. ಚಮ್ಮಾರಿಕೆಯ ಕಾಯಕದ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದು ಶರಣರಾದ ಮಧುವರಸರ ಮಗಳಿಗೂ ಕಲ್ಯಾಣದಲ್ಲಿ ನಡೆದ ವಿವಾಹಕ್ಕಾಗಿ ಆ ಇಬ್ಬರು ತಂದೆಯರು ಎಳೆಹೂಟೆಯ ಶಿಕ್ಷೆಗೆ ಗುರಿಯಾದರು. ಶರಣರು ಚದುರಿದರು, ಕಲ್ಯಾಣವೇ ಬರಿದಾಯಿತು. ಕುಲವನ್ನೂ ಕಸುಬನ್ನೂ ಎಣಿಸದ ಒಂದು ಮದುವೆಗಾಗಿ ಅವರು ತೆತ್ತ ಬೆಲೆ ಅದು. ನಾವೋ, ಒಳಪಂಗಡ ಯಾವುದು, ಸಂಬಳವೆಷ್ಟು, ಸೈಟು ಎಲ್ಲಿದೆ ಎಂದು ಕೇಳಿ ಮುಗಿಸಿದ ಮೇಲೆ ವಧೂವರರ ತಲೆಯ ಮೇಲೆ ಅಕ್ಷತೆ ಹಾಕಿ ಬಸವಣ್ಣನವರಿಗೆ ಜಯಕಾರ ಕೂಗುತ್ತೇವೆ!

ಮಠಗಳೂ ಈ ತಪ್ಪಿಗೆ ಹೊರತಲ್ಲ. ಸಮಾರಂಭಗಳಲ್ಲಿ ಮೊದಲ ಸಾಲಿನ ಕುರ್ಚಿಯಲ್ಲಿ ಯಾರು ಕೂರುತ್ತಾರೆ? ಶಾಲು ಹೊದಿಸಿ ಸನ್ಮಾನಿಸುವುದು ಯಾರನ್ನು? ದಾಸೋಹದ ಮನೆಯಲ್ಲಿ ರೊಟ್ಟಿ ಬಡಿಯುವ ತಾಯಂದಿರನ್ನು, ಅಂಗಳ ಗುಡಿಸುವವರನ್ನು ವೇದಿಕೆಗೆ ಕರೆದದ್ದು ಎಷ್ಟು ಬಾರಿ? ಅಂಗಳ ಗುಡಿಸುವ ಕಾಯಕದ ಸತ್ಯಕ್ಕನಿಗೆ ಅನುಭವ ಮಂಟಪದಲ್ಲಿ ಇದ್ದ ಸ್ಥಾನ ನಮ್ಮ ವೇದಿಕೆಯಲ್ಲಿ ಇಲ್ಲವೆಂದರೆ ಮಕ್ಕಳು ನಮ್ಮ ಪ್ರವಚನವನ್ನು ನಂಬುವರೇ? ಅವರು ಕೇಳಿದ್ದನ್ನು ಮರೆಯುತ್ತಾರೆ, ಕಂಡದ್ದನ್ನು ಕಲಿಯುತ್ತಾರೆ.

ಯುವ ಮಿತ್ರರೇ, ಈಗ ನಿಮಗೆ ನಾಲ್ಕು ಮಾತು.

ಕೆಲಸವನ್ನು ಆರಿಸುವಾಗ "ಜನ ಏನೆಂದಾರು?" ಎಂದು ಕೇಳಿಕೊಳ್ಳಬೇಡಿರಿ. ಇದು ಸತ್ಯಶುದ್ಧವೇ, ಇದರಿಂದ ನಾಲ್ವರಿಗೆ ಉಪಯೋಗವಿದೆಯೇ, ಇದನ್ನು ನಾನು ಮನಸ್ಸಿಟ್ಟು ಮಾಡಬಲ್ಲೆನೇ ಎಂದು ಕೇಳಿಕೊಳ್ಳಿರಿ. ಸ್ಪರ್ಧಾತ್ಮಕ ಪರೀಕ್ಷೆ ಬರೆಯುವುದಿದ್ದರೆ ಶ್ರದ್ಧೆಯಿಂದ ಬರೆಯಿರಿ. ಆದರೆ ಎಷ್ಟು ವರ್ಷವೆಂದು ಮೊದಲೇ ಗಡುವು ಹಾಕಿಕೊಳ್ಳಿರಿ. ಹರೆಯದ ಹತ್ತು ವರ್ಷಗಳನ್ನು ಬಾಡಿಗೆ ಕೋಣೆಯಲ್ಲಿ ಕಾಯುವುದರಲ್ಲೇ ಕಳೆಯಬೇಡಿರಿ. ಕಾಯುವ ದಿನಗಳಲ್ಲಿಯೂ ಏನಾದರೂ ದುಡಿಮೆ ಇರಲಿ.

ಮೊದಲ ಗಳಿಕೆಯಿಂದಲೇ ದಾಸೋಹವನ್ನು ಆರಂಭಿಸಿರಿ. ಹೆಚ್ಚು ಗಳಿಸಿದ ಮೇಲೆ ಕೊಡುತ್ತೇನೆಂದವನು ಎಂದೂ ಕೊಡಲಾರನು. ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರಾಗಿದ್ದರು. ಹಣ ಗಳಿಸುವುದೊಂದೇ ಗುರಿಯಾಗಿದ್ದರೆ ಸುಖವಾಗಿ ಇರಬಹುದಾಗಿತ್ತು. ಅವರು ತಾಳೆಗರಿಗಳನ್ನು ಹುಡುಕುತ್ತ ಅಲೆದು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು, 1925ರಲ್ಲಿ ಮುದ್ರಣಾಲಯ ತೆರೆದರು, ಮರುವರ್ಷ 'ಶಿವಾನುಭವ' ಪತ್ರಿಕೆ ಆರಂಭಿಸಿದರು, ಇದಕ್ಕಾಗಿ ಸ್ವಂತ ಮನೆಯನ್ನೂ ಮಾರಿದರು. ಇಂದು ನೀವು ಓದುವ ವಚನಗಳು ಆ ದಾಸೋಹದ ಫಲ.

ಬೇಕು ಎನ್ನುವುದಕ್ಕೆ ಎಲ್ಲೆ ಹಾಕಿಕೊಳ್ಳುವುದನ್ನು ಈ ವಯಸ್ಸಿನಲ್ಲಿಯೇ ಕಲಿಯಿರಿ. ಸಾಲದ ಬೈಕು, ಕಂತಿನ ಮೊಬೈಲು, ಊರಿಗೆಲ್ಲ ತೋರಿಸುವ ಮದುವೆ. ಇವು ಗಿಂಬಳದತ್ತ ಒಯ್ಯುವ ಮೊದಲ ಮೆಟ್ಟಿಲುಗಳು. ಮಿಕ್ಕ ಅಕ್ಕಿಯನ್ನು ಹಿಂದಿರುಗಿಸುವ ಶಕ್ತಿ, ಬೇಕಾದದ್ದು ಎಷ್ಟೆಂದು ತಿಳಿದವನಿಗೆ ಮಾತ್ರ ಬರುತ್ತದೆ.

ಕೊನೆಯದಾಗಿ, ಹಿರಿಯರನ್ನು ಗೌರವಿಸಿರಿ, ಆದರೆ ಅವರ ಅಂಜಿಕೆಯನ್ನು ಆಸ್ತಿಯಂತೆ ಪಡೆಯಬೇಡಿರಿ. ಬಸವಣ್ಣನವರು ಎಳೆಯ ವಯಸ್ಸಿನಲ್ಲಿಯೇ ಉಪನಯನವನ್ನು ಒಲ್ಲದೆ ಮನೆ ಬಿಟ್ಟು ಕೂಡಲಸಂಗಮಕ್ಕೆ ನಡೆದರು. ಅವರು ತಂದೆತಾಯಿಗಳನ್ನು ದ್ವೇಷಿಸಲಿಲ್ಲ. ತಮಗೆ ಸತ್ಯವೆಂದು ಕಂಡದ್ದನ್ನು ಬಿಡಲಿಲ್ಲ, ಅಷ್ಟೆ. ವಿನಯ ಮತ್ತು ದಿಟ್ಟತನ ಒಂದೇ ಹೃದಯದಲ್ಲಿ ಇರಬಲ್ಲವು.

ಆ ತಂದೆಗೆ ನಾವು ಹೇಳಿದ್ದಿಷ್ಟೇ: "ಬುದ್ಧಿ ಹೇಳಬೇಕಾದದ್ದು ನಿಮಗೆ, ನನಗೆ. ಮುಂದಿನ ಬಸವ ಜಯಂತಿಯಲ್ಲಿ ನೀವು ಭಾಷಣ ಮಾಡುವುದು ಬೇಡ. ನಿಮ್ಮ ಮಗನ ಹೊಲದಲ್ಲಿ ಬೆಳೆದ ಜೋಳವನ್ನು ದಾಸೋಹಕ್ಕೆ ತನ್ನಿರಿ." ಅವರು ಒಪ್ಪಿದರೋ ಇಲ್ಲವೋ, ಉತ್ತರ ಕೊಡದೆ ನಮಸ್ಕರಿಸಿ ಹೋದರು. ಜೋಳದ ದಾರಿಯನ್ನು ನಾವು ಕಾಯುತ್ತಿದ್ದೇವೆ.